ಮುಟ್ಟು ನಿಂತ ತಾಯಂದಿರ ರಕ್ತನಾಳ ಮತ್ತು ಹಾರ್ಮೋನು ಗುಳಿಗೆ

(ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಮೊದಲೇ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಮುಗಿಸಿ, ಗಿರಣಿಯೊಂದರಲ್ಲಿ ಹಾಜರಿ ಮತ್ತು ಪಗಾರದ ಪುಸ್ತಕ ಬರೆಯುವ ಕಾರಕೂನ. ಸಂಜೆ ಈ ವಾಚನಾಲಯದ ಕದ ತೆರೆದು, ಪತ್ರಿಕೆಗಳನ್ನು ಜೋಡಿಸಿಟ್ಟು, ಬಂದವರ ಅರ್ಜಿ ಫಾರಮುಗಳನ್ನು ತುಂಬಿಕೊಡುವುದು ನನ್ನ ಸೇವೆ. ಈ ದಿನ ನಾನು ಹೇಳುವುದೆಲ್ಲ ಓದಿ, ಕೇಳಿ, ಬಲ್ಲ ಡಾಕ್ಟರರಿಗೆ ತೋರಿಸಿ ತಿದ್ದಿಸಿಕೊಂಡದ್ದು. ಔಷಧ ಬರೆದುಕೊಡುವ ಅಧಿಕಾರ ನನಗಿಲ್ಲ. ಲೆಕ್ಕ ಓದಿ ಹೇಳುವ ಅಧಿಕಾರ ಮಾತ್ರ ಉಂಟೆಂದು ತಿಳಿದು ನಿಂತಿದ್ದೇನೆ.

ವಿಷಯ ಹೆಂಗಸರದು. ಹೊರಗಿನ ಫಲಕದ ಮೇಲೆ ಭಾಷಣದ ಹೆಸರು ಬರೆದ ದಿನವೇ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಇದನ್ನ ಗಂಡಸರು ಕೂಡುವ ಜಾಗಾದಾಗ ಮಾತಾಡಬೇಕೇನಪಾ?” ಎಂದು ಕೇಳಿದರು. ಮಾತಾಡಬೇಕು. ಯಾಕೆಂದರೆ ಆಪರೇಶನ್ನಿನ ಕಾಗದದ ಮೇಲೆ ಸಹಿ ಹಾಕುವವರು ನಾವು. ಅದಕ್ಕಾಗಿ ಸಾಲ ತೆಗೆಯುವವರು ನಾವು. ಊರಿಂದ ಫೋನು ಬಂದಾಗ “ಡಾಕ್ಟರು ಹೇಳಿದ್ದನ್ನ ಮಾಡಿಸಿಬಿಡ್ರಿ” ಎಂದು ಖಡಕಿಯಲ್ಲಿ ಕುಳಿತು ಹೇಳುವವರೂ ನಾವೇ.

ಈ ಪ್ರಶ್ನೆ ನನ್ನ ಮೇಜಿಗೆ ಎರಡು ಕಡೆಯಿಂದ ಬಂತು. ಬೋಪೋಡಿಯಲ್ಲಿ ನಮ್ಮವರೇ ಒಬ್ಬ ತಾಯಿ ಇದ್ದಾರೆ, ವಯಸ್ಸು 63. ಅವರ ಮಗ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವನ ಮೊಬೈಲಿಗೆ ಒಂದು ಸುದ್ದಿ ಬಂದಿತ್ತು: ಮುಟ್ಟು ನಿಂತ ಹೆಂಗಸರು ಹಾರ್ಮೋನು ಗುಳಿಗೆ ತಿಂದರೆ ಹೃದಯಕ್ಕೆ ಒಳ್ಳೆಯದು, ಅಮೆರಿಕದವರು ಎಚ್ಚರಿಕೆಯನ್ನು ತೆಗೆದುಹಾಕಿದ್ದಾರೆ ಎಂದು. ಸುದ್ದಿ ಪೂರ್ತಿ ಸುಳ್ಳಲ್ಲ. 2025ರ ನವೆಂಬರದಲ್ಲಿ ಅಮೆರಿಕದ ಔಷಧ ಇಲಾಖೆಯು ಈ ಔಷಧಗಳ ಕಾಗದದ ಮೇಲೆ ಕಪ್ಪು ಚೌಕಟ್ಟಿನಲ್ಲಿ ಅಚ್ಚಾಗುತ್ತಿದ್ದ ಹೃದ್ರೋಗ ಹಾಗೂ ಸ್ತನದ ಕ್ಯಾನ್ಸರಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿದ್ದು ನಿಜ. ಮಗ ಕೇಳಿದ: “ಅಣ್ಣಾ, ಅವ್ವಗ ಎದಿ ಗಟ್ಟಿ ಆಗ್ಲಿಕ್ಕೆ ಈ ಗುಳಿಗಿ ಕೊಡಸ್ಲೇನು?”

ಅದೇ ವಾರ ಅಫಜಲಪುರ ಕಡೆಯ ತರುಣನೊಬ್ಬ, ಕಟ್ಟಡದ ಕೆಲಸದವನು, ಹೆಂಡತಿಯ ದವಾಖಾನೆಯ ಚೀಟಿ ತಂದು ಯಾವುದೋ ಫಾರಮು ತುಂಬಿಕೊಡಿರೆಂದ. ಹೆಂಡತಿಗೆ 36 ವರ್ಷ. ಎರಡು ವರ್ಷದ ಕೆಳಗೆ ಊರ ಕಡೆ ಗರ್ಭಚೀಲ ತೆಗೆಸಿದ್ದಾರೆ. ಅಂದಿನಿಂದ ಮೈಗೆ ಝಳ ಹೊಡೆದಂತೆ ಬಿಸಿ ಏರುತ್ತದೆ, ನಡುರಾತ್ರಿ ಬೆವರುತ್ತಾಳೆ, ಎದೆ ಡವಡವ ಎನ್ನುತ್ತದೆ, ನಿದ್ದೆ ಇಲ್ಲ. ಚೀಟಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಟಿ.ಎ.ಎಚ್.’ ಎಂದು ಬರೆದು, ಮುಂದೆ ‘ಬಿ.ಎಸ್.ಓ.’ ಎಂದು ಸೇರಿಸಿದ್ದರು. ಅದರ ಅರ್ಥ ನನಗೂ ಗೊತ್ತಿರಲಿಲ್ಲ.

63 ವರ್ಷದ ತಾಯಿಗೂ 36 ವರ್ಷದ ಈ ತಂಗಿಗೂ ಪ್ರಶ್ನೆ ಒಂದೇ, ಉತ್ತರ ಮಾತ್ರ ಬೇರೆ ಬೇರೆ. ಅದು ಯಾಕೆ ಬೇರೆ ಎಂಬುದನ್ನು ತಿಳಿಯಲು ಸ್ವಲ್ಪ ಶರೀರದ ವಿಚಾರ ಬೇಕು, ಸ್ವಲ್ಪ ಚರಿತ್ರೆಯೂ ಬೇಕು.

ಹೆಂಗಸಿನ ಕಿಬ್ಬೊಟ್ಟೆಯಲ್ಲಿ ಗರ್ಭಚೀಲ ಇರುತ್ತದೆ. ಅದರ ಎರಡೂ ಬದಿಗೆ ಬಾದಾಮಿಯಷ್ಟು ದೊಡ್ಡದಾದ ಎರಡು ಅಂಡಾಶಯಗಳಿರುತ್ತವೆ. ಮಗು ಬೆಳೆಯುವುದು ಚೀಲದಲ್ಲಿ. ಆದರೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಹುಟ್ಟುವುದು ಅಂಡಾಶಯದಲ್ಲಿ. ಹಾರ್ಮೋನು ಎಂದರೆ ಒಂದು ಅಂಗದಲ್ಲಿ ತಯಾರಾಗಿ, ರಕ್ತದಲ್ಲಿ ಸೇರಿ, ದೂರದ ಇನ್ನೊಂದು ಅಂಗಕ್ಕೆ ಅಪ್ಪಣೆ ಒಯ್ಯುವ ರಸ. ಈಸ್ಟ್ರೋಜೆನ್ ಎಲುಬಿಗೆ ಅಪ್ಪಣೆ ಒಯ್ಯುತ್ತದೆ, ಚರ್ಮಕ್ಕೆ ಒಯ್ಯುತ್ತದೆ, ಮಿದುಳಿಗೆ ಒಯ್ಯುತ್ತದೆ, ರಕ್ತನಾಳಕ್ಕೂ ಒಯ್ಯುತ್ತದೆ. ರಕ್ತನಾಳದ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಅಸ್ತರಿ ಇದೆ. ನಾಳ ಸಡಿಲಾಗಿ ಅಗಲವಾಗಬೇಕಾದಾಗ ಆ ಅಸ್ತರಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಬಿಡುತ್ತದೆ. (ಇದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಬಂತು.) ಈ ಕೆಲಸಕ್ಕೆ ಈಸ್ಟ್ರೋಜೆನ್ನಿನ ಒತ್ತಾಸೆ ಇದೆ. ರಕ್ತದ ಕೆಟ್ಟ ಕೊಬ್ಬನ್ನು ಇಳಿಮುಖವಾಗಿಡುವುದರಲ್ಲಿಯೂ ಅದರ ಕೈ ಇದೆ. ಐವತ್ತರೊಳಗಿನ ಹೆಂಗಸರಲ್ಲಿ ಅದೇ ವಯಸ್ಸಿನ ಗಂಡಸರಿಗಿಂತ ಹೃದಯಾಘಾತ ಕಡಿಮೆ ಇರುವುದಕ್ಕೆ ಇದೊಂದು ಕಾರಣ ಎನ್ನುತ್ತಾರೆ.

ಮುಟ್ಟು ನಿಲ್ಲುವ ಕಾಲಕ್ಕೆ ಅಂಡಾಶಯವು ಈ ರಸವನ್ನು ಮಾಡುವುದನ್ನು ಬಿಡುತ್ತದೆ. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 46-47ರ ಸುಮಾರಿಗೆ, ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. ಆ ಬಳಿಕ ಕೆಟ್ಟ ಕೊಬ್ಬು ಏರುತ್ತದೆ, ನಾಳಗಳು ಬಿರುಸಾಗತೊಡಗುತ್ತವೆ, ರಕ್ತದೊತ್ತಡವೂ ಏರುತ್ತ ಹೋಗುತ್ತದೆ. ಹಾಗಾದರೆ ಹೋದದ್ದನ್ನು ಗುಳಿಗೆಯಲ್ಲಿ ತಿರುಗಿ ಕೊಟ್ಟರೆ ನಾಳವೂ ತಿರುಗಿ ಎಳೆಯದಾಗಬೇಕಲ್ಲ? ನಮಗೆ ತೋಚುವ ಈ ಯುಕ್ತಿಯೇ ದೊಡ್ಡ ದೊಡ್ಡ ಪಂಡಿತರಿಗೂ ತೋಚಿತು.

ಅಮೆರಿಕದಲ್ಲಿ 1942ರಿಂದಲೇ ಒಂದು ಈಸ್ಟ್ರೋಜೆನ್ ಗುಳಿಗೆ ಮಾರಾಟಕ್ಕೆ ಬಂತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದದ್ದು. ನಗಬೇಡಿ, ಅದರ ಹೆಸರೇ ಹಾಗೆ ಮಾಡಿದ್ದಾರೆ, ಪ್ರೆಮರಿನ್ ಎಂದು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ಡಾಕ್ಟರರು, ಮುಟ್ಟು ನಿಲ್ಲುವುದೇ ಒಂದು ರೋಗ, ಈ ಗುಳಿಗೆ ತಿಂದವಳು ಮುದುಕಿಯಾಗುವುದಿಲ್ಲ ಎಂಬ ಧಾಟಿಯಲ್ಲಿ ಪುಸ್ತಕ ಬರೆದರು. ಅದು ಬಹಳ ಖರ್ಚಾಯಿತು. ಗಂಡಸರಿಗೂ ಕೊಟ್ಟು ನೋಡಿದರೆಂದರೆ ನಂಬುತ್ತೀರಾ? ಅದೇ 1966ರಲ್ಲಿ ಆರಂಭವಾದ ಒಂದು ಪರೀಕ್ಷೆಯಲ್ಲಿ, ಒಮ್ಮೆ ಹೃದಯಾಘಾತ ಆದ ಗಂಡಸರಿಗೆ ಈಸ್ಟ್ರೋಜೆನ್ ಕೊಟ್ಟರು. ಆಘಾತ ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು 1970ರಲ್ಲಿ ದೊಡ್ಡ ಪ್ರಮಾಣದ ಗುಳಿಗೆಯನ್ನು ನಿಲ್ಲಿಸಬೇಕಾಯಿತು. ಹೆಂಗಸರಲ್ಲಿಯೂ 1975ರ ಹೊತ್ತಿಗೆ ಒಂದು ಕೇಡು ಕಂಡಿತು. ಗರ್ಭಚೀಲ ಇರುವವಳಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟರೆ ಚೀಲದ ಒಳಪದರ ಬೆಳೆದು ಕ್ಯಾನ್ಸರ್ ಆಗುವ ಸಂಭವವಿದೆ ಎಂದು. ಆದ್ದರಿಂದ ಚೀಲ ಇರುವವಳಿಗೆ ಪ್ರೊಜೆಸ್ಟರಾನ್ ಜಾತಿಯ ಇನ್ನೊಂದು ಔಷಧವನ್ನೂ ಕೂಡಿಸಿ ಕೊಡುವ ರೂಢಿ ಬಂತು.

ಆದರೂ ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆ ಗಟ್ಟಿಯಾಗಿಯೇ ಉಳಿಯಿತು. ಅದಕ್ಕೆ ಕಾರಣ, ಅಮೆರಿಕದ ನರ್ಸುಗಳನ್ನು 1976ರಿಂದ ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ಒಂದು ದೊಡ್ಡ ಅಧ್ಯಯನ. ಗುಳಿಗೆ ತಿನ್ನುತ್ತಿದ್ದ ನರ್ಸುಗಳಲ್ಲಿ ಹೃದ್ರೋಗ ಕಡಿಮೆ ಕಂಡಿತು. ಇಲ್ಲಿ ಒಂದು ಗುಂಡಿ ಇದೆ, ಅದನ್ನು ನಮ್ಮ ವಾಚನಾಲಯದ ಲೆಕ್ಕದಲ್ಲಿಯೇ ಹೇಳುತ್ತೇನೆ. ದಿನಾಲು ಇಲ್ಲಿಗೆ ಬರುವವರು, ಬಾರದವರಿಗಿಂತ ಕಡಿಮೆ ಕುಡಿಯುತ್ತಾರೆ. ಹಾಗಾದರೆ ಪತ್ರಿಕೆ ಓದಿದ್ದರಿಂದ ಕುಡಿತ ಬಿಟ್ಟಿತೆ? ಅಥವಾ ಕುಡಿಯದವರೇ ಪತ್ರಿಕೆ ಓದಲು ಬರುತ್ತಾರೆಯೆ? ಅಧ್ಯಕ್ಷರು ಮೊದಲನೆಯದೇ ನಿಜವೆಂದು ವಾರ್ಷಿಕ ವರದಿಯಲ್ಲಿ ಬರೆಸಬಹುದು, ನಾನು ಮಾತ್ರ ಪ್ರಮಾಣ ಮಾಡಿ ಹೇಳಲಾರೆ. ಗುಳಿಗೆ ತಿನ್ನುತ್ತಿದ್ದ ಆ ನರ್ಸುಗಳೂ ಹಾಗೆಯೇ. ಅವರು ಸಾಮಾನ್ಯವಾಗಿ ಹೆಚ್ಚು ಅನುಕೂಲಸ್ಥರು, ಹೆಚ್ಚು ನಡೆದಾಡುವವರು, ಡಾಕ್ಟರರಿಗೆ ಆಗಾಗ ತೋರಿಸಿಕೊಳ್ಳುವವರು. ಒಳ್ಳೆಯದಾದದ್ದು ಗುಳಿಗೆಯಿಂದಲೋ ಉಳಿದದ್ದರಿಂದಲೋ ಹೇಳುವಂತಿಲ್ಲ.

ಇದನ್ನು ಬಗೆಹರಿಸಲು ಇರುವ ದಾರಿ ಚೀಟಿ ಎತ್ತುವುದು. ಸಾವಿರಾರು ಹೆಂಗಸರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ನಿಜವಾದ ಗುಳಿಗೆ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಔಷಧವಿಲ್ಲದ ಗುಳಿಗೆ. ಮೊದಲೇ ಹೃದ್ರೋಗ ಇದ್ದ 2,763 ಹೆಂಗಸರ ಮೇಲೆ ಹೀಗೆ ಮಾಡಿದ ಪರೀಕ್ಷೆಯ ಫಲ 1998ರಲ್ಲಿ ಹೊರಬಂತು. ಒಟ್ಟಿನಲ್ಲಿ ಲಾಭವಿಲ್ಲ, ಮೊದಲನೆಯ ವರ್ಷದಲ್ಲಂತೂ ಕೆಡುಕೇ ಹೆಚ್ಚು. ಆಮೇಲೆ ಬಂದದ್ದು ಎಲ್ಲಕ್ಕೂ ದೊಡ್ಡದು, ಅಮೆರಿಕ ಸರಕಾರದ ಹಣದಿಂದ ನಡೆದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’. ಅದರಲ್ಲಿ ಗರ್ಭಚೀಲ ಇದ್ದ 16,608 ಹೆಂಗಸರಿಗೆ ಎರಡೂ ಔಷಧ ಕೂಡಿದ ಗುಳಿಗೆಯ ಪರೀಕ್ಷೆ ನಡೆದಿತ್ತು. 2002ರ ಜುಲೈದಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು.

ಇದರ ಅಂಕಿಗಳನ್ನು ನನ್ನ ಪಗಾರದ ಪುಸ್ತಕದಂತೆ ಎರಡು ಕಾಲಮಿನಲ್ಲಿ ಬರೆದುಕೊಂಡಿದ್ದೇನೆ. ಹತ್ತು ಸಾವಿರ ಹೆಂಗಸರು ಒಂದು ವರ್ಷ ಎಂದು ಹಿಡಿಯಿರಿ. ಔಷಧವಿಲ್ಲದ ಗುಳಿಗೆ ತಿಂದವರಲ್ಲಿ ಹೃದಯಾಘಾತ 30, ಔಷಧ ತಿಂದವರಲ್ಲಿ 37. ಮಿದುಳಿನ ಆಘಾತ, ಅಂದರೆ ಲಕವಾ, 21ರ ಎದುರಿಗೆ 29. ರಕ್ತ ಹೆಪ್ಪುಗಟ್ಟಿ ಕಾಲಿನ ನಾಳದಲ್ಲೋ ಶ್ವಾಸಕೋಶದಲ್ಲೋ ಸಿಕ್ಕಿಕೊಂಡದ್ದು 16ರ ಎದುರಿಗೆ 34. ಸ್ತನದ ಕ್ಯಾನ್ಸರ್ 30ರ ಎದುರಿಗೆ 38. ಇದು ಖರ್ಚಿನ ಕಡೆ. ಜಮಾ ಕಡೆಗೂ ಇದೆ: ಸೊಂಟದ ಎಲುಬು ಮುರಿದದ್ದು 15 ಇದ್ದದ್ದು 10ಕ್ಕೆ ಇಳಿಯಿತು, ದೊಡ್ಡ ಕರುಳಿನ ಕ್ಯಾನ್ಸರ್ 16 ಇದ್ದದ್ದು 10ಕ್ಕೆ ಇಳಿಯಿತು. ಪತ್ರಿಕೆಗಳಲ್ಲಿ ‘ಹೃದ್ರೋಗ ಶೇಕಡ 29 ಹೆಚ್ಚಳ’ ಎಂದು ದಪ್ಪ ಅಕ್ಷರದಲ್ಲಿ ಬಂದದ್ದು ಈ 30 ಮತ್ತು 37ರ ನಡುವಿನ ಅಂತರವೇ. ಸಾವಿರಕ್ಕೆ ಒಬ್ಬಳೂ ಅಲ್ಲ. ಆದರೆ ಹೃದಯ ಗಟ್ಟಿಯಾಗಲೆಂದು ತಿನ್ನುವ ಗುಳಿಗೆಯಲ್ಲಿ ಹೃದಯದ ಲೆಕ್ಕವೇ ಖರ್ಚಿನ ಕಡೆ ಬಿದ್ದರೆ ಅದನ್ನು ಹೃದಯದ ಔಷಧ ಎನ್ನಲಾಗದು.

ಆ ಸುದ್ದಿ ಬಂದ ಮೇಲೆ ಲಕ್ಷಾಂತರ ಹೆಂಗಸರು ಗುಳಿಗೆ ಬಿಟ್ಟರು. ಡಾಕ್ಟರರೂ ಬರೆಯಲು ಹೆದರಿದರು. ಆದರೆ ಲೆಕ್ಕದ ಪುಸ್ತಕವನ್ನು ಇನ್ನೊಮ್ಮೆ ತಿರುವಿದಾಗ ಒಂದು ಸಂಗತಿ ಕಂಡಿತು. ಆ ಹೆಂಗಸರ ಸರಾಸರಿ ವಯಸ್ಸು 63. ಬಹಳ ಜನರಿಗೆ ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ಐವತ್ತು-ಅರವತ್ತರ ನಡುವಿನವರನ್ನೇ ಬೇರೆ ತೆಗೆದು 2007ರಲ್ಲಿ ನೋಡಿದಾಗ ಅವರಲ್ಲಿ ಹೃದಯಾಘಾತ ಹೆಚ್ಚಾಗಿರಲಿಲ್ಲ. ಮಿದುಳಿನ ಆಘಾತದ ಭಯ ಮಾತ್ರ ವಯಸ್ಸಿನ ಭೇದವಿಲ್ಲದೆ ಇತ್ತು.

ಇದೇಕೆ ಹೀಗೆ? ಈ ಸಭೆಯಲ್ಲಿ ಕೊಳವೆ, ಬಾಯ್ಲರು ಬಲ್ಲವರು ಬಹಳ ಇದ್ದೀರಿ. ಹೊಸ ಕೊಳವೆಯ ಒಳಮೈಗೆ ಬಣ್ಣ ಹೊಡೆದರೆ ತುಕ್ಕು ತಡೆಯುತ್ತದೆ. ಹಕ್ಕಳೆ ಎದ್ದ ಕೊಳವೆಗೆ ಅದೇ ಬಣ್ಣ ಹೊಡೆಯಲು ಹೋದರೆ ಹಕ್ಕಳೆ ಕಳಚಿ ಮುಂದೆ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಹೊಂದುವ ಹೋಲಿಕೆಯಲ್ಲ, ಆದರೂ ಹತ್ತಿರದ್ದು. ಅಸ್ತರಿ ಆರೋಗ್ಯವಾಗಿರುವಾಗ ಈಸ್ಟ್ರೋಜೆನ್ ಅದಕ್ಕೆ ಒತ್ತಾಸೆ. ಕೊಬ್ಬು ಕೂಡಿ ಗಂಟಾಗಿರುವ ನಾಳದಲ್ಲಿ ಅದೇ ಈಸ್ಟ್ರೋಜೆನ್ ಗಂಟನ್ನು ಕೆದಕಬಹುದು, ಅದರ ಜೊತೆಗೆ ಬಾಯಿಯಿಂದ ತಿಂದ ಗುಳಿಗೆ ಯಕೃತ್ತಿನ ಮೂಲಕ ಹಾಯುವಾಗ ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನು ಹೆಚ್ಚು ಮಾಡುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪಟ್ಟಿಯಲ್ಲಿ ಈ ಎರಡನೆಯ ಭಯ ಕಡಿಮೆ.

ಈ ಊಹೆಯನ್ನೂ ಚೀಟಿ ಎತ್ತಿ ಪರೀಕ್ಷಿಸಿದ್ದಾರೆ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 643 ಹೆಂಗಸರ ಕುತ್ತಿಗೆಯ ರಕ್ತನಾಳದ ಗೋಡೆಯ ದಪ್ಪವನ್ನು ವರ್ಷಗಟ್ಟಲೆ ಅಳೆದರು. ಮುಟ್ಟು ನಿಂತು ಆರು ವರ್ಷದೊಳಗೆ ಔಷಧ ಆರಂಭಿಸಿದವರಲ್ಲಿ ಗೋಡೆ ದಪ್ಪವಾಗುವುದು ನಿಧಾನವಾಯಿತು. ಹತ್ತು ವರ್ಷದ ಮೇಲೆ ಆರಂಭಿಸಿದವರಲ್ಲಿ ಏನೂ ಫರಕಾಗಲಿಲ್ಲ. ಅದಕ್ಕೂ ಮೊದಲು 727 ಹೆಂಗಸರ ಇನ್ನೊಂದು ಪರೀಕ್ಷೆಯಲ್ಲಿ, ಬೇಗ ಆರಂಭಿಸಿದರೂ ನಾಲ್ಕು ವರ್ಷದಲ್ಲಿ ಗೋಡೆಯ ದಪ್ಪದಲ್ಲಿ ಭೇದ ಕಂಡಿರಲಿಲ್ಲ. ಗೋಡೆಯ ದಪ್ಪ ಬೇರೆ, ಹೃದಯಾಘಾತ ಬೇರೆ ಎಂಬುದನ್ನೂ ಮರೆಯಬಾರದು. ಆದ್ದರಿಂದಲೇ ಅಮೆರಿಕದ ರೋಗನಿವಾರಣಾ ಮಂಡಲಿಯು 2017ರಲ್ಲಿ ಮತ್ತು 2022ರಲ್ಲಿ ಒಂದೇ ಮಾತು ಹೇಳಿತು: ಮುಂದೆ ಬರಬಹುದಾದ ರೋಗವನ್ನು ತಡೆಯುವುದಕ್ಕೆಂದೇ ಹಾರ್ಮೋನು ತಿನ್ನಬೇಡಿ. ಬಿಸಿ ಏರುವುದು, ಬೆವರು, ನಿದ್ದೆಗೇಡು ಇವು ತಾಳಲಾರದಷ್ಟಾದರೆ, ವಯಸ್ಸು ಅರವತ್ತರೊಳಗಿದ್ದು, ಮುಟ್ಟು ನಿಂತು ಹತ್ತು ವರ್ಷ ಆಗಿರದಿದ್ದರೆ, ಡಾಕ್ಟರರ ಕಣ್ಣೆದುರಿಗೆ ತಿನ್ನಬಹುದು. ಅದು ಬೇರೆ ಕಾರಣ.

ಬೋಪೋಡಿಯ ತಾಯಿಗೆ ಉತ್ತರ ಇಲ್ಲಿಗೆ ಸಿಕ್ಕಿತು. 63ರಲ್ಲಿ ಹೃದಯಕ್ಕೆಂದು ಹೊಸದಾಗಿ ಈ ಗುಳಿಗೆ ಬೇಡ. ಅವರ ಮಗನಿಗೆ ಹಾಗೆಯೇ ಹೇಳಿದೆ. ಮೊದಲು ಬಿ.ಪಿ. ನೋಡಿಸು, ಸಕ್ಕರೆ ನೋಡಿಸು ಎಂದೆ. ನೋಡಿಸಿದ. ಬಿ.ಪಿ. ಬಹಳವೇ ಏರಿತ್ತು. ಅದಕ್ಕೆ ಗುಳಿಗೆ ಶುರುವಾಗಿದೆ. ಬೆಳಿಗ್ಗೆ ಎದ್ದು ಮಿಶ್ರಿ ತಿಕ್ಕುವುದನ್ನು ಬಿಡಿಸಲು ಮಾತ್ರ ಮಗನಿಂದ ಇನ್ನೂ ಆಗಿಲ್ಲ. ತಂಬಾಕು ಹೊಗೆಯಾಗಿ ಹೋದರೂ ಮಿಶ್ರಿಯಾಗಿ ಹೋದರೂ ರಕ್ತನಾಳಕ್ಕೆ ವೈರಿಯೇ. ತಾಯಿ ಈ ದಿನ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ, ಆದ್ದರಿಂದ ಇದನ್ನು ಇಲ್ಲಿಗೆ ಬಿಡುತ್ತೇನೆ.

ಇನ್ನು ಅಫಜಲಪುರದ ತಂಗಿಯ ಚೀಟಿ. ‘ಟಿ.ಎ.ಎಚ್.’ ಎಂದರೆ ಹೊಟ್ಟೆ ಕೊಯ್ದು ಗರ್ಭಚೀಲವನ್ನು ಪೂರ್ತಿ ತೆಗೆದದ್ದು. ‘ಬಿ.ಎಸ್.ಓ.’ ಎಂದರೆ ಎರಡೂ ಅಂಡಾಶಯಗಳನ್ನು ಅವುಗಳ ನಳಿಕೆಗಳ ಸಮೇತ ತೆಗೆದದ್ದು. ಮನೆಯವರಿಗೆ ತಿಳಿದಿದ್ದದ್ದು ‘ಚೀಲ ತೆಗೆದರು’ ಎಂದಷ್ಟೇ. ಅಂಡಾಶಯವೂ ಹೋದ ಹೆಂಗಸಿಗೆ ಮುಟ್ಟು ನಿಲ್ಲುವುದು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಅಲ್ಲ, ಆಪರೇಶನ್ ಮೇಜಿನ ಮೇಲೆ ಒಂದೇ ತಾಸಿನಲ್ಲಿ. ನಲವತ್ತಾರಕ್ಕೆ ಬರಬೇಕಾದದ್ದು ಮೂವತ್ತನಾಲ್ಕಕ್ಕೇ ಬಂದಿತ್ತು. ಹನ್ನೆರಡು ವರ್ಷ ಮೊದಲು. ಅಂಡಾಶಯವನ್ನು ಬಿಟ್ಟು ಚೀಲವನ್ನಷ್ಟೇ ತೆಗೆದರೂ ಕೆಲವರಲ್ಲಿ ಅಂಡಾಶಯ ಕೆಲವು ವರ್ಷ ಮೊದಲೇ ಸೋತುಹೋಗುತ್ತದೆ ಎನ್ನುತ್ತಾರೆ.

ಇಂಥವರು ಎಲ್ಲೋ ಒಬ್ಬಿಬ್ಬರೆಂದು ತಿಳಿಯಬೇಡಿ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ನಡೆದದ್ದನ್ನು ಪತ್ರಿಕೆ ಓದುವವರು ಮರೆತಿರಲಾರಿರಿ. ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರು ಹೊಟ್ಟೆನೋವು, ಬಿಳಿ ಹೋಗುವುದು, ನಡುನೋವು ಎಂದು ಖಾಸಗಿ ದವಾಖಾನೆಗಳಿಗೆ ಹೋದರು. ಚೀಲ ಕೆಟ್ಟಿದೆ, ಕ್ಯಾನ್ಸರ್ ಆದೀತು, ತೆಗೆಸಿಬಿಡಿ ಎಂದು ಹೆದರಿಸಿದರು. 2015ರಲ್ಲಿ ಸರಕಾರದ ತನಿಖೆ ನಡೆದಾಗ ಇಂಥ ಆಪರೇಶನ್ನಾದ ಹೆಂಗಸರ ಸಂಖ್ಯೆ ಎರಡು ಸಾವಿರಕ್ಕೂ ಮೇಲೆ ಹೋಯಿತು. ಅವರಲ್ಲಿ ನಲವತ್ತರೊಳಗಿನವರು ಬಹಳ. ಕರ್ನಾಟಕ ಜನಾರೋಗ್ಯ ಚಳವಳಿಯವರು ಇದನ್ನು ಹೊರಗೆ ತಂದು ಬೆನ್ನುಹತ್ತಿದರು. 2017ರಲ್ಲಿ ಆ ಹೆಂಗಸರೇ ಕಲಬುರಗಿಯ ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಬಂದು ಕುಳಿತರು.

ನಾವು ಇರುವ ಈ ಮಹಾರಾಷ್ಟ್ರದ ಬೀಡ ಜಿಲ್ಲೆಯದೂ ಇದೇ ಕಥೆ, ಇನ್ನೂ ದೊಡ್ಡದು. ಅಲ್ಲಿಯ ಗಂಡಹೆಂಡಿರು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ, ನಮ್ಮ ಕರ್ನಾಟಕಕ್ಕೂ ಹೋಗುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ಮುಕಾದಮನು ‘ಖಾಡಾ’ ಎಂದು ದಂಡ ಹಾಕುತ್ತಾನೆ. ಮುಟ್ಟಿನ ದಿನವೂ ಬಿಡುವಿಲ್ಲ. ‘ಪಿಶವಿ’ ತೆಗೆಸಿಬಿಟ್ಟರೆ ಈ ಕಾಟವೇ ಇಲ್ಲ ಎಂಬ ಮಾತು ಹಬ್ಬಿತು. 2019ರಲ್ಲಿ ನೀಲಮ್ ಗೋರ್ಹೆಯವರ ಅಧ್ಯಕ್ಷತೆಯ ಸಮಿತಿಗಾಗಿ ಬೀಡದಲ್ಲಿ 82,309 ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿದಾಗ 13,861 ಜನರ ಗರ್ಭಚೀಲ ತೆಗೆದದ್ದು ತಿಳಿಯಿತು. ಭಾಗಿಸಿ ನೋಡಿದೆ, ಆರು ಹೆಂಗಸರಲ್ಲಿ ಒಬ್ಬಳು. ಅದಕ್ಕೆ ಕೆಲವು ವರ್ಷ ಮೊದಲು, 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಡೀ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂವರು ಎಂದು ಬಂದಿತ್ತು. ಡಾ. ನರೇಂದ್ರ ಗುಪ್ತ ಎಂಬವರು 2013ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಮ್ ಕೋರ್ಟು 2023ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, ಅನಾವಶ್ಯಕ ಗರ್ಭಕೋಶ ಶಸ್ತ್ರಕ್ರಿಯೆಯನ್ನು ತಡೆಯುವ ಕೇಂದ್ರ ಸರಕಾರದ ನಿಯಮಾವಳಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದಿತು.

ಈ ಶಸ್ತ್ರಕ್ರಿಯೆಯೇ ಕೂಡದೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಗಡ್ಡೆಯಾಗಿ ಬೇರೆ ಔಷಧದಿಂದ ನಿಲ್ಲದಷ್ಟು ರಕ್ತ ಹೋಗುತ್ತಿದ್ದರೆ, ಅದರಿಂದ ಜೀವ ಉಳಿಯುತ್ತದೆ. ಬೇನೆಯ ಹೆಸರು ಹೇಳದೆ, ಇನ್ನೊಬ್ಬ ಡಾಕ್ಟರರಿಗೆ ತೋರಿಸಲು ಬಿಡದೆ, ನಾಳೆಯೇ ಬಾ ಎನ್ನುವುದು ಮಾತ್ರ ಸರಿಯಲ್ಲ.

ಎಳೆಯ ವಯಸ್ಸಿಗೆ ಅಂಡಾಶಯ ಹೋದವರ ರಕ್ತನಾಳ ಮುಂದೆ ಏನಾಗುತ್ತದೆ? ಅಮೆರಿಕದ ಮೇಯೊ ಕ್ಲಿನಿಕ್ಕಿನವರು ತಮ್ಮ ಸೀಮೆಯ ಇಂಥ ಹೆಂಗಸರ ಹಳೆಯ ದಾಖಲೆಗಳನ್ನು ದಶಕಗಟ್ಟಲೆ ಅನುಸರಿಸಿ 2009ರಲ್ಲಿ ಪ್ರಕಟಿಸಿದರು. 45ರೊಳಗೆ ಎರಡೂ ಅಂಡಾಶಯ ತೆಗೆಸಿಕೊಂಡವರು ಹೃದಯ ಹಾಗೂ ರಕ್ತನಾಳದ ರೋಗದಿಂದ ಸಾಯುವ ಸಂಭವ, ತೆಗೆಸಿಕೊಳ್ಳದವರಿಗಿಂತ ಶೇಕಡ 44 ಹೆಚ್ಚು. ಅವರಲ್ಲಿಯೂ 45ರ ವರೆಗೆ ಈಸ್ಟ್ರೋಜೆನ್ ಸಿಗದವರಲ್ಲಿ ಶೇಕಡ 84 ಹೆಚ್ಚು. ಸಿಕ್ಕವರಲ್ಲಿ ಹೆಚ್ಚಳ ಕಾಣಲಿಲ್ಲ. ನರ್ಸುಗಳ ಲೆಕ್ಕದಲ್ಲಿ ಒಂದು ಗುಂಡಿ ತೋರಿಸಿದೆನಲ್ಲ, ಪ್ರಾಮಾಣಿಕವಾಗಿ ಹೇಳಬೇಕಾದರೆ ಆ ಗುಂಡಿ ಇಲ್ಲಿಯೂ ಇದೆ. ಇದು ಚೀಟಿ ಎತ್ತಿದ ಪರೀಕ್ಷೆಯಲ್ಲ. ಆದರೆ ಇಲ್ಲಿ ಕೊಡುವುದು ಮುದಿತನದಲ್ಲಿ ಹೆಚ್ಚುವರಿ ಹಾರ್ಮೋನನ್ನಲ್ಲ, ಆ ವಯಸ್ಸಿಗೆ ಮೈಯಲ್ಲಿ ಇರಲೇಬೇಕಾಗಿದ್ದ ಹಾರ್ಮೋನನ್ನು. ಆದ್ದರಿಂದಲೇ ಸ್ತನದ ಕ್ಯಾನ್ಸರ್, ಹೆಪ್ಪುಗಟ್ಟಿದ ರಕ್ತ, ಯಕೃತ್ತಿನ ರೋಗ, ಈಗಾಗಲೇ ಆದ ಹೃದಯಾಘಾತ ಅಥವಾ ಲಕವಾ ಇಂಥ ಅಡ್ಡಿ ಇಲ್ಲದಿದ್ದರೆ, ಸ್ವಾಭಾವಿಕವಾಗಿ ಮುಟ್ಟು ನಿಲ್ಲುವ ವಯಸ್ಸಿನ ವರೆಗಾದರೂ ಇಂಥವರಿಗೆ ಕೊಡುವುದು ಒಳ್ಳೆಯದೆಂದು ಈ ವಿಷಯದ ವೈದ್ಯರ ಸಂಘಗಳು ಹೇಳುತ್ತವೆ. ಚೀಲವೇ ಇಲ್ಲದ್ದರಿಂದ ಅವರಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು. ಚೀಲ ತೆಗೆಸಿದ್ದ 10,739 ಹೆಂಗಸರಿಗೆ ಅದೊಂದನ್ನೇ ಕೊಟ್ಟು ನೋಡಿದ ಪರೀಕ್ಷೆ 2004ರಲ್ಲಿ ನಿಂತಾಗ, ಲಕವಾ ಹೆಚ್ಚಾಗಿದ್ದು ನಿಜ, ಆದರೆ ಹೃದಯಾಘಾತವಾಗಲಿ ಸ್ತನದ ಕ್ಯಾನ್ಸರಾಗಲಿ ಹೆಚ್ಚಾಗಿರಲಿಲ್ಲ. ಅವರೂ ಐವತ್ತು ದಾಟಿದವರೇ ಆಗಿದ್ದರು.

ಅಫಜಲಪುರದ ತರುಣನು ಹೆಂಡತಿಯನ್ನು ಇಲ್ಲಿಗೆ ಕರೆಸಿ ಸಸೂನ್ ದವಾಖಾನೆಗೆ ಚೀಟಿಯೊಂದಿಗೆ ತೋರಿಸಿದ. ಬಿ.ಪಿ., ಸಕ್ಕರೆ, ಸ್ತನದ ಪರೀಕ್ಷೆ ಎಲ್ಲ ಆಗಿ, ಚರ್ಮಕ್ಕೆ ಹಚ್ಚುವ ಜೆಲ್ ಬರೆದುಕೊಟ್ಟಿದ್ದಾರೆ. ಈಗ ರಾತ್ರಿ ನಿದ್ದೆ ಬರುತ್ತದೆಯಂತೆ.

ಆ ಚೀಟಿಯ ಅಕ್ಷರಗಳ ಅರ್ಥ ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಸ್ವಂತ ಅಕ್ಕ ಆಳಂದ ತಾಲೂಕಿನಲ್ಲಿ ಇದ್ದಾಳೆ. ಹದಿಮೂರು ವರ್ಷದ ಕೆಳಗೆ, ಅವಳ 31ನೆಯ ವಯಸ್ಸಿಗೆ, ಪೇಟೆಯ ಒಂದು ದವಾಖಾನೆಯಲ್ಲಿ ಚೀಲ ತೆಗೆದರು. ಭಾವ ಆಗ ಮುಂಬಯಿಗೆ ದುಡಿಯಲು ಹೋಗಿದ್ದರು. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವನೆಂದು ಒಪ್ಪಿಗೆಯ ಕಾಗದವನ್ನು ನನ್ನ ಕೈಗೆ ಕೊಟ್ಟರು. ಎರಡು ಪುಟ ಇತ್ತು. ಓದಲಿಲ್ಲ. ಕಂಪೌಂಡರ್ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ. ಓದಿದ್ದರೂ ತಿಳಿಯುತ್ತಿತ್ತೋ ಇಲ್ಲವೋ, ಕೇಳಬಹುದಾಗಿತ್ತು. ಕೇಳಲಿಲ್ಲ.

ಬೆಳಿಗ್ಗೆ ಫೋನು ಮಾಡಿ, “ಅಕ್ಕಾ, ಆಪರೇಶನ್ ಚೀಟಿ ಅದೇನು?” ಎಂದೆ.

“ಟ್ರಂಕಿನಾಗ ಅದ ತಮ್ಮಾ. ಈಗ್ಯಾಕ ಬೇಕಾತು?”

ಅವಳ ಮಗಳು ಫೋಟೋ ತೆಗೆದು ಕಳಿಸಿದಳು. ಅದೇ ಮೂರು ಅಕ್ಷರ. ಕೆಳಗೆ ‘ಸಂಬಂಧಿಕರ ಸಹಿ’ ಎಂಬ ಕಡೆ ನನ್ನ ಹೆಸರು.

ಅಕ್ಕನಿಗೆ ಈಗ 44. ಆಪರೇಶನ್ ಆದ ಎರಡನೆಯ ತಿಂಗಳಿಂದಲೇ ಮೈಯೆಲ್ಲ ಬೆಂಕಿ ಎನ್ನುತ್ತಿದ್ದಳು. ಪಿತ್ತ ಎಂದರು, ಯಾರದೋ ಕಣ್ಣು ತಾಗಿದೆ ಎಂದರು, ನಾನೂ ಹೌದೆಂದೆ. ಇಲ್ಲಿಗೆ ಕರೆಸಿ ತೋರಿಸಿದೆ. ಬಿ.ಪಿ. ಇದೆ, ಕೊಬ್ಬು ಹೆಚ್ಚಿದೆ. ಡಾಕ್ಟರಮ್ಮನವರು ಶಾಂತವಾಗಿ ಹೇಳಿದರು: “ಆಗಲೇ ಬಂದಿದ್ದರೆ ಏನೂ ಯೋಚಿಸದೆ ಆರಂಭಿಸುತ್ತಿದ್ದೆ. ಈಗ ಹದಿಮೂರು ವರ್ಷ ರಸವಿಲ್ಲದೆ ಕಳೆದ ನಾಳ. ಮೊದಲು ಬಿ.ಪಿ.ಯನ್ನು ಹಿಡಿತಕ್ಕೆ ತರೋಣ, ನಾಳಗಳನ್ನೂ ಎಲುಬನ್ನೂ ನೋಡೋಣ, ಆಮೇಲೆ ಹಾರ್ಮೋನಿನ ಮಾತು.” ಅಕ್ಕ ಹೊರಗೆ ಬಂದು, “ಗುಳಿಗಿ ಕೊಟ್ಟಾರಲ್ಲ, ಸಾಕು ಬಿಡು” ಎಂದಳು. ನನಗೆ ಸಾಕೆನಿಸಲಿಲ್ಲ. ಮುಂದಿನ ತಿಂಗಳು ಮತ್ತೆ ಬರಹೇಳಿದ್ದಾರೆ.

ಈಗ ಕೆಲಸದ ಮಾತು. ನಿಮ್ಮ ತಾಯಿ, ಹೆಂಡತಿ, ಅಕ್ಕತಂಗಿ ಯಾರಿಗಾದರೂ ಗರ್ಭಚೀಲದ ಆಪರೇಶನ್ ಆಗಿದ್ದರೆ ಆ ಚೀಟಿಯನ್ನು ಹುಡುಕಿಸಿರಿ. ಎಸೆದಿದ್ದರೆ, ದವಾಖಾನೆಗೆ ಹೆಸರು, ತಾರೀಖು ಕೊಟ್ಟು ನಕಲು ಕೇಳಿರಿ, ಕೇಳುವುದಕ್ಕೆ ನಿಮಗೆ ಹಕ್ಕಿದೆ. ರವಿವಾರ ಮತ್ತು ಗುರುವಾರ ಸಂಜೆ ಆರರಿಂದ ಎಂಟರ ವರೆಗೆ ನಾನು ಇಲ್ಲಿ ಕೂಡುತ್ತೇನೆ. ಚೀಟಿಯಲ್ಲಿ ಅಂಡಾಶಯ ಹೋಗಿದೆಯೋ ಉಳಿದಿದೆಯೋ ಎಂಬುದನ್ನು ಓದಿ, ಒಂದು ಹಾಳೆಯಲ್ಲಿ ವಯಸ್ಸು, ಆಪರೇಶನ್ ಆದ ವರ್ಷ, ಈಗಿನ ಬೇನೆ ಇಷ್ಟನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದುಕೊಡುತ್ತೇನೆ. ಅದನ್ನು ಹಿಡಿದು ಖಡಕಿ ಕಂಟೋನ್ಮೆಂಟ್ ದವಾಖಾನೆಗೆ, ಇಲ್ಲವೆ ಸಸೂನಿಗೆ ಹೋಗಿರಿ. ಇ.ಎಸ್.ಐ. ಕಾರ್ಡು ಇದ್ದವರು ಚಿಂಚವಡದ ಇ.ಎಸ್.ಐ. ದವಾಖಾನೆಗೆ ಹೋಗಬಹುದು. ಅಂಗಡಿಯಿಂದ ತಾವೇ ಗುಳಿಗೆ ತಂದು ತಿನ್ನಿಸಬೇಡಿ. ಇನ್ನೂ ಆಪರೇಶನ್ ಆಗದೆ, ಆಗಬೇಕೆಂದು ಹೇಳಿಸಿಕೊಂಡು ಬಂದವರಿದ್ದರೆ ಸಹಿ ಮಾಡುವ ಮೊದಲು ಎರಡು ಮಾತು ಕೇಳಿರಿ: ಬೇನೆಯ ಹೆಸರೇನು, ಅಂಡಾಶಯವನ್ನೂ ತೆಗೆಯುತ್ತೀರಾ?

ಹೆಂಗಸರು ತಾವೇ ಚೀಟಿ ತಂದರೆ ಇನ್ನೂ ಒಳ್ಳೆಯದು. ಗಂಡಸಿಗೆ ಹೇಳಲು ಸಂಕೋಚವಾದರೆ, ಗುರುವಾರ ನನ್ನ ಮನೆಯವಳೂ ಇಲ್ಲಿಯೇ ಕುಳಿತಿರುತ್ತಾಳೆ, ಅವಳ ಕೈಗೆ ಕೊಡಬಹುದು.